ನಲ್ಲಿ ದಿನ ನೋಡಿದ ಮನೆ

ನಮ್ಮ ಮಂದಿ ಹೆಣ್ಣು ನೋಡಲು ಹೋಗುವಾಗಲಾದರೂ ಇಬ್ಬರು ಹೆಂಗಸರನ್ನು ಜೀಪಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಮನೆ ನೋಡಲು ಹೋಗುವಾಗ ಅದೂ ಇಲ್ಲ. ಗಂಡಸರೇ ಹೋಗುತ್ತಾರೆ, ಗಂಡಸರೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ, ಗಂಡಸರೇ ‘ಪಸಂದ್ ಆತು’ ಎಂದು ಎದ್ದು ಬರುತ್ತಾರೆ. ಇದನ್ನು ರೂಢಿ ಅನ್ನುತ್ತಾರೆ. ನನ್ನನ್ನು ಕೇಳಿದರೆ ಶುದ್ಧ ಸೊಕ್ಕು. ಆ ಮನೆಯಲ್ಲಿ ದಿನಾ ಮುಂಜಾನೆ ಐದಕ್ಕೆ ಎದ್ದು ಒಲೆ ಹಚ್ಚಬೇಕಾದವಳು ಸಾಮಾನಿನ ಲಾರಿ ಬಂದು ನಿಂತ ದಿನವೇ ಅದರ ಬಾಗಿಲನ್ನು ಮೊದಲ ಸಲ ನೋಡುತ್ತಾಳೆ. ನಾನೂ ಹಾಗೆಯೇ ನೋಡಿದೆ.

ಅದಕ್ಕೆ ಮೊದಲು ನಾವು ಸೊಲ್ಲಾಪುರದಲ್ಲಿದ್ದೆವು. ನಾನು, ನಮ್ಮ ಮನೆಯವರು, ಒಂಬತ್ತನೇ ಮುಗಿಸಿದ ಮಗಳು, ಆರನೇ ಮುಗಿಸಿದ ಮಗ. ಇವರಿಗೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಅಲ್ಲಿನ ಕಾರ್ಖಾನೆ ಮುಚ್ಚಿತು, ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಇವರ ಊರು ಬಸವಕಲ್ಯಾಣದ ಕಡೆ. ಮಾವ, ಮೈದುನ ಎಲ್ಲ ಅಲ್ಲಿಯೇ ಇರುವವರು. ಹಾಗಾಗಿ ಇವರಿಗೆ ಅದು ಮನೆಗೆ ಮರಳಿದಂತೆ. ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದ ನಮಗೆ ಮೂವರಿಗೆ ಅದು ಬೇರೆ ರಾಜ್ಯ. ಮಗಳು ಅಲ್ಲಿಯೂ ಕನ್ನಡ ಮಾಧ್ಯಮದಲ್ಲೇ ಓದುತ್ತಿದ್ದಳು ನಿಜ, ಆದರೆ ಆ ಬೋರ್ಡೇ ಬೇರೆ, ಈ ಬೋರ್ಡೇ ಬೇರೆ, ಪುಸ್ತಕಗಳೂ ಬೇರೆ. ಹತ್ತನೇ ವರ್ಷದಲ್ಲಿ ಹುಡುಗಿಯನ್ನು ಕಿತ್ತು ಇನ್ನೊಂದು ಕಡೆ ನೆಡುತ್ತೀರಾ, ಒಂದು ವರ್ಷ ನೀವೊಬ್ಬರೇ ಹೋಗಿ ಇರಿ ಎಂದು ನಾನು ಹಟ ಹಿಡಿದೆ. ಆಗ ಇವರು ಮಗಳ ಎದುರಿಗೇ ಹೇಳಿದರು: “ಆಕಿ ಸಾಲಿ ಒಂದ್ ದಿನಾನೂ ತಪ್ಪಂಗಿಲ್ಲ. ಅದರ ಜವಾಬ್ದಾರಿ ನಂದು.” ಆ ಮಾತು ನಂಬಿ ಹೂಂ ಅಂದೆ.

ನನಗೂ ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ತರಗತಿಗಳಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಎಲ್ಲಿ ಮನೆ ಮಾಡಬೇಕು ಎಂಬ ಮಾತು ಎದ್ದಾಗ ನಾನು ಬಸವಕಲ್ಯಾಣ ಅಂದೆ. “ಗಂಡಸಿನ ಡ್ಯೂಟಿ ಹುಮನಾಬಾದದಾಗ. ಹೆಂಗಸಿನ ಸಲುವಾಗಿ ಕಲ್ಯಾಣದಾಗ ಇರೂದೇನು?” ಎಂದು ಮಾವನವರು ಅದನ್ನು ಅಲ್ಲಿಗೇ ಮುಗಿಸಿದರು. ಹಾಗಾದರೆ ಮಾಣಿಕನಗರ ನೋಡಿ, ಅಂಗಡಿ, ಆಟೋ ಎಲ್ಲ ಕೈಗೆ ಸಿಗುತ್ತವೆ, ಹುಡುಗಿಯ ಓಡಾಟಕ್ಕೂ ಅನುಕೂಲ ಅಂದೆ. ಅಲ್ಲಿನ ಮಠಕ್ಕೆ ಬರುವ ಭಕ್ತರ ಗದ್ದಲ ಅಂದರು. ಅವರ ಮನಸ್ಸು ಮೊದಲೇ ಒಂದು ಕಡೆ ನೆಟ್ಟಿತ್ತು: ಚಿಟಗುಪ್ಪ ರಸ್ತೆಯಲ್ಲಿ, ಊರು ದಾಟಿದ ಮೇಲೆ ಹೊಸದಾಗಿ ಎದ್ದ ಒಂದು ಬಡಾವಣೆ. ಅಗಲವಾದ ರಸ್ತೆ, ಪೂರ್ವಕ್ಕೆ ಬಾಗಿಲು, ಸುತ್ತ ನಮ್ಮ ಮಂದಿ. ಈ ‘ನಮ್ಮ ಮಂದಿ’ ಅಂದರೆ ಯಾರು ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ.

ಮನೆ ನೋಡಲು ಹೊರಟ ದಿನ ಇವರ ಕೈಗೆ ಒಂದು ಚೀಟಿ ಕೊಟ್ಟೆ. ಬಸ್ಸು ನಿಲ್ಲುವ ಜಾಗ ಎಷ್ಟು ದೂರ, ಹೈಸ್ಕೂಲು ಎಷ್ಟು ದೂರ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ನೀರು ತುಂಬಿಡಲು ನೆಲದ ಟಾಕಿ ಇದೆಯೋ ಇಲ್ಲವೋ. ನಾಲ್ಕೇ ಪ್ರಶ್ನೆ. ಸಂಜೆ ಫೋನು ಬಂತು. ಜೀಪಿನಲ್ಲಿ ಐದು ಜನ ಗಂಡಸರು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಮಾವನವರು ಫೋನು ಕಸಿದುಕೊಂಡು, “ನೀರಿನ ಫಿಕರ್ ಬಿಡವಾ ನೀ. ನಾವು ಹೋದಾಗ ನಲ್ಲಿ ಹ್ಯಾಂಗ ಬರಾಕತ್ತಿತ್ತು ಅಂತಿ! ಕೊಡ ಇಟ್ಟರ ಕೊಡಾನೇ ಸರದು ಹೋಗಬೇಕು. ಓಣಿ ತುಂಬ ನೀರು,” ಎಂದರು. ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿದಿರಾ ಅಂದೆ. “ಕಣ್ಣಿಲೇ ನೋಡೇವಿ, ಮತ್ತ ಕೇಳೂದೇನು?” ಅಂದರು. ಅಲ್ಲಿಗೆ ಮನೆ ಗಟ್ಟಿಯಾಯಿತು.

ಜೂನಿನಲ್ಲಿ ಬಂದು ಇಳಿದೆವು. ಲಾರಿಯ ಸಾಮಾನೆಲ್ಲ ಒಳಗೆ ಹಾಕಿ, ಧೂಳು ಮೆತ್ತಿದ ಕೈ ತೊಳೆಯೋಣವೆಂದು ನಲ್ಲಿ ತಿರುಗಿಸಿದೆ. ಸುಂಯ್ ಎಂದು ಬರೀ ಗಾಳಿ ಬಂತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. “ನಿನ್ನೆ ಬಂದು ಹೋಗ್ಯಾದರಿ ಅಕ್ಕಾರ. ಇನ್ನ ನಾಕ್ ದಿನ ಹಾದಿ ನೋಡ್ರಿ. ಒಮ್ಮೊಮ್ಮೆ ಐದೂ ಆಗ್ತದ.” ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದೆ. “ಅದು ವಾಲ್ ತಿರುಗಿಸಾವನ ಮರ್ಜಿರಿ. ಮುಂಜಾನಿ ಎಂಟಕ್ಕೂ ಬಿಡ್ತಾನ, ಮಧ್ಯಾಹ್ನ ಎರಡಕ್ಕೂ ಬಿಡ್ತಾನ. ಬಿಟ್ಟರ ಒಂದ್ ತಾಸು, ಆಮ್ಯಾಲ ಬಂದ್. ಮನ್ಯಾಗ ಯಾರರೆ ಇರಬೇಕು ನೋಡ್ರಿ.” ನೆಲದ ಟಾಕಿ ಇರಲಿಲ್ಲ. ಬಾಡಿಗೆಗೆಂದೇ ಕಟ್ಟಿದ ಮನೆ. ಅಂಗಳದಲ್ಲಿ ಮೊಳಕಾಲು ಆಳದ ಗುಂಡಿ, ಅದರ ತಳದಲ್ಲಿ ನಲ್ಲಿ. ಗುಂಡಿಗೆ ಇಳಿದು ಪೈಪು ಸಿಕ್ಕಿಸಿ ಡ್ರಮ್ಮು, ಕೊಡ, ಬಕೀಟುಗಳನ್ನು ಒಂದೊಂದಾಗಿ ತುಂಬಿಕೊಳ್ಳಬೇಕು. ಬೋರಿನ ನೀರು ಇತ್ತು, ಆದರೆ ಉಪ್ಪು. ಅದರಲ್ಲಿ ಬೇಳೆಯೂ ಬೇಯುತ್ತಿರಲಿಲ್ಲ.

ಎರಡು ದಿನ ಬಿಟ್ಟು, ಮನೆ ತೋರಿಸಿದ ದಲ್ಲಾಳಿ ಎಲ್ಲ ಆರಾಮೇನ್ರಿ ಎಂದು ಕೇಳಲು ಬಂದ. ನಾನು ಬಾಗಿಲಲ್ಲೇ ಹಿಡಿದು ಬಾಯಿಗೆ ಬಂದದ್ದು ಅಂದೆ. ಅವನಿಗೆ ನಾಚಿಕೆಯಾದರೂ ಆಗಬೇಕಲ್ಲ! “ನಾ ಎಲ್ಲಿ ಸುಳ್ಳ ಹೇಳೀನ್ರಿ ಅಕ್ಕಾರ? ನೀರ ದಿನಾ ಬರ್ತದಂತ ಒಂದ್ ಮಾತರೆ ಅಂದೀನೇನು? ನೀರ ಬರೂ ದಿನ, ನಲ್ಲಿ ದಿನ, ನೋಡಿ ಕರಕೊಂಡ ಬಂದೀನಿ, ಅಷ್ಟ. ಈ ಕಡೆ ಎಲ್ಲಾ ಮನಿ ನಲ್ಲಿ ದಿನಾನೇ ತೋರಸ್ತೀವ್ರಿ. ನಿಮ್ಮ ಮಂದಿ ಐದು ಜನ ಬಂದಿದ್ರು. ಒಬ್ಬರರೆ ಕೇಳಬಾರದೇನು?” ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಆದರೆ ಆ ಕೊನೆಯ ಮಾತು ಸುಳ್ಳಲ್ಲ. ನಾನು ಕೊಟ್ಟ ಚೀಟಿ ಇವರ ಅಂಗಿಯ ಕಿಸೆಯಲ್ಲಿ ಮಡಚಿದ್ದು ಮಡಚಿದಂತೆಯೇ ಇತ್ತು. ಅವರು ಮನೆ ನೋಡಿ ಬಂದ ಮರುದಿನ ಬಟ್ಟೆ ಒಗೆಯಲು ತೆಗೆದಾಗ ಸಿಕ್ಕಿತ್ತು.

ಮೊದಲ ನಲ್ಲಿ ದಿನ ಬಂತು. ನನಗೆ ಏಳೂವರೆಗೆ ಬಸವಕಲ್ಯಾಣದ ಬಸ್ಸು. ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ, ರಜೆ ಕೇಳುವ ಬಾಯಿ ಇರಲಿಲ್ಲ. ಇವರದೂ ಹೊಸ ಡ್ಯೂಟಿ. ಮಗ ಬೂಟಿನ ದಾರ ಕಟ್ಟುತ್ತಿದ್ದ. ಮಗಳು ಜಡೆ ಹಾಕಿಕೊಂಡು, ಹೊಸ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು. “ಇವತ್ತೊಂದ್ ದಿನ ನೀ ಇರವಾ,” ಎಂದೆ. ಅಂದದ್ದು ನಾನು. ಇವರಲ್ಲ, ಮಾವನವರಲ್ಲ, ದಲ್ಲಾಳಿಯಲ್ಲ. ಅವಳು ಒಮ್ಮೆ ಅಪ್ಪನ ಮುಖ ನೋಡಿದಳು. ಜವಾಬ್ದಾರಿ ನನ್ನದು ಎಂದವರು ಹೆಲ್ಮೆಟ್ಟು ಹುಡುಕುತ್ತಿದ್ದರು. ಅವಳು ಚೀಲ ಇಳಿಸಿ ಗೋಡೆಗೆ ಆನಿಸಿ ಇಟ್ಟಳು.

ಒಂದು ದಿನ ಅಂದದ್ದು ತಿಂಗಳುಗಟ್ಟಲೆ ನಡೆಯಿತು. ವಾಲ್ ತಿರುಗಿಸುವವನು ಬರುತ್ತೇನೆಂದ ದಿನ ಬಾರದಿದ್ದರೆ ಮರುದಿನವೂ ಅವಳು ಕಾಯಬೇಕು. ಒಂದು ಸಲದ ನೀರಿಗೆ ಎರಡು ದಿನದ ಪಾಠ ಹೋಯಿತು. ಪೈಪು ಒಡೆದರೆ ಮೂರು. ಆ ಬಡಾವಣೆಯಲ್ಲಿ ನಲ್ಲಿ ದಿನ ಮುಂಜಾನೆ ಬಂದು ನೋಡಬೇಕು: ಹುಡುಗರೆಲ್ಲ ಚೀಲ ಹಾಕಿಕೊಂಡು ಸಾಲಾಗಿ ರಸ್ತೆ ಹಿಡಿಯುತ್ತಾರೆ, ಹುಡುಗಿಯರೆಲ್ಲ ತಂತಮ್ಮ ಗುಂಡಿಯ ಹತ್ತಿರ ಕೊಡ ಜೋಡಿಸುತ್ತಿರುತ್ತಾರೆ. ಇದೇನ್ರೀ ಹೀಗೆ ಎಂದು ಪಕ್ಕದ ಮನೆಯಾಕೆಯನ್ನು ಕೇಳಿದರೆ, “ನಮ್ಮ ದೊಡ್ಡಾಕಿನೂ ಹಿಂಗೇ ಕಲ್ತಾಳ್ರಿ. ಈಗ ಲಗ್ನ ಆಗಿ ಆರಾಮ ಇದ್ದಾಳ. ಏನ್ ಆಗ್ಯಾದ?” ಅಂದಳು. ನನಗೆ ಮೈಯೆಲ್ಲ ಉರಿಯಿತು. ಉರಿಯಿತು ಅಷ್ಟೇ. ಮರುದಿನ ಏಳೂವರೆಗೆ ಬಸ್ಸು ಹತ್ತಿದೆ.

ಇವರ ಹತ್ತಿರ ಜಗಳ ಆಡಲಿಲ್ಲ ಅಂತಲ್ಲ. ವಾರಕ್ಕೆರಡು ಸಲ ಆಡಿದೆ. ಮನೆ ಬದಲಿಸೋಣ, ಮಾಣಿಕನಗರದಲ್ಲಿ ನೋಡೋಣ ಅಂದೆ. “ಅಪ್ಪ ನೋಡಿದ ಮನಿ ಅದು. ಬಿಟ್ಟರ ಅಪ್ಪಗ ಬೇಜಾರ ಆಗ್ತದ,” ಅಂದರು. ಟ್ಯಾಂಕರ್ ತರಿಸೋಣ ಅಂದೆ. “ಮನಿ ಮುಂದ ನಲ್ಲಿ ಇಟಗೊಂಡು ಟ್ಯಾಂಕರ್ ತರಿಸಿದ್ರ ಮಂದಿ ನಗಾಂಗಿಲ್ಲೇನು?” ಅಂದರು. ಸೊಲ್ಲಾಪುರದಲ್ಲಿ ಕೊಟ್ಟ ಮಾತು ಏನಾಯಿತು ಎಂದು ಕೇಳಿದರೆ, “ಒಂದ್ ದಿನದಾಗ ಏನ್ ಮುಳುಗಿ ಹೋಗ್ತದ? ಮನ್ಯಾಗ ಕುಂತು ಓದಬಹುದಲ್ಲ,” ಎಂದು ಟಿವಿಯ ಕಡೆ ತಿರುಗಿದರು. ಗುಂಡಿಯಲ್ಲಿ ಮೊಳಕಾಲು ಮಡಚಿ ಕೂತು ಒಂದು ಕೈಯಲ್ಲಿ ಪೈಪು ಹಿಡಿದವಳು ಇನ್ನೊಂದು ಕೈಯಲ್ಲಿ ಗಣಿತ ಮಾಡಬೇಕು, ಇವರ ಲೆಕ್ಕ ಅದು. ಸೊಲ್ಲಾಪುರದಲ್ಲಿ ಅವಳಿಗೆ ಗಣಿತವೆಂದರೆ ಪ್ರಾಣ. ಇಲ್ಲಿ ಅರ್ಧವಾರ್ಷಿಕದಲ್ಲಿ ಅದರಲ್ಲೇ ಕಡಿಮೆ ಬಂತು. ಪಾಠ ನಡೆದ ದಿನವೇ ಇರದಿದ್ದರೆ ಸೂತ್ರ ಯಾರು ಹೇಳಿಕೊಡಬೇಕು?

ದೀಪಾವಳಿ ಮುಗಿದ ಮೇಲೆ ಒಂದು ದಿನ ಮಾವನವರು ಬಂದರು. ನಸೀಬು ನೋಡಿ, ಅವತ್ತೇ ನಲ್ಲಿ ದಿನ. ನನ್ನ ಶಾಲೆಗೆ ಸ್ಥಳೀಯ ರಜೆ ಇದ್ದುದರಿಂದ ನಾನೂ ಮನೆಯಲ್ಲಿದ್ದೆ. ಮಗಳಿಗೆ ಶಾಲೆ ಇತ್ತು, ನಾನಿದ್ದೇನೆಂದು ಅವಳು ಖುಷಿಯಿಂದ ಹೊರಡುತ್ತಿದ್ದಳು. ಮಾವನವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನೀರು ಧೋ ಎಂದು ಬರುವುದನ್ನು ನೋಡುತ್ತ ಮೀಸೆ ತೀಡಿದರು. “ನೋಡು. ನಾ ಅಂದಿದ್ದಿಲ್ಲೇನು?” ನಾನು ಗುಂಡಿಯಲ್ಲಿ ಪೈಪು ಹಿಡಿದು ಕೂತಿದ್ದೆ. ಎದ್ದು ನಿಂತು ಕೊಡ ಎತ್ತುವಾಗ ಸೊಂಟ ಹಿಡಿಯಿತು, ಅಮ್ಮಾ ಅಂದೆ. ಅವರು ಹೊರಟು ನಿಂತ ಮೊಮ್ಮಗಳಿಗೆ, “ಯಾಕವಾ, ಅವ್ವಗ ಒಂದೀಟ ಕೈ ಹಚ್ಚಬಾರದೇನು? ನಾಳಿ ಹೋದ್ರ ಆತು ಸಾಲಿಗೆ,” ಅಂದರು. ಆಮೇಲೆ ನನಗೆ, “ಹೆಣ್ಣಮಗಳು ಇದ್ದ ಮನ್ಯಾಗ ನೀರಿನ ತಕಲೀಫ್ ಹ್ಯಾಂಗ ಆಗ್ತದವಾ?”

ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಕೊಡವನ್ನು ಧೊಪ್ಪನೆ ಇಟ್ಟೆ. ನೀರು ಅವರ ಧೋತರಕ್ಕೆ ಸಿಡಿಯಿತು. “ಮಾಮಾ, ಮನಿ ನೋಡಿದವರು ನೀವು. ನೀರೂ ನೀವೇ ಹಿಡೀರಿ. ಬರ್ರಿ, ಇಳೀರಿ ಕೆಳಗ!” ಎಂದೆ. ಅವರು ಕುರ್ಚಿಯಿಂದ ಎದ್ದವರು ಕೆಳಗೆ ಇಳಿಯಲಿಲ್ಲ, ಸೀದಾ ಗೇಟು ದಾಟಿ ಹೋದರು. ಸೊಸೆಗೆ ಸೊಲ್ಲಾಪುರದ ಗಾಳಿ ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ಬಂದರು. ಇವರು ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ಈ ಮನೆಯಲ್ಲಿ ನ್ಯಾಯ ಮಾತಾಡುವವಳು ನಾನೊಬ್ಬಳಾದರೂ ಇದ್ದೇನಲ್ಲ ಎಂಬ ಹಮ್ಮು. ಆದರೆ ಮುಂದಿನ ನಲ್ಲಿ ದಿನ ಮತ್ತೆ ಮಗಳೇ ಉಳಿದಳು.

ಜನವರಿಯಲ್ಲಿ ಅವಳ ಹೈಸ್ಕೂಲಿನಿಂದ ನನಗೆ ಕರೆ ಬಂತು. ಅರ್ಧ ದಿನ ರಜೆ ಹಾಕಿ ಬಸವಕಲ್ಯಾಣದಿಂದ ಬಂದು ಸೀದಾ ಅಲ್ಲಿಗೆ ಹೋದೆ. ಮುಖ್ಯೋಪಾಧ್ಯಾಯಿನಿ ನನಗಿಂತ ಹಿರಿಯರು, ಮಾತು ಮೆದು. ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, “ಹಾಜರಿ ಭಾಳ ಕಮ್ಮಿ ಬಿದ್ದಾದ್ರಿ. ಹಿಂಗೇ ಹೋದರ ಹಾಲ್ ಟಿಕೆಟ್ ಬರಂಗಿಲ್ಲ. ಪರೀಕ್ಷಾಕ್ಕ ಕೂಡಸಾಕ ಆಗಂಗಿಲ್ಲ,” ಎಂದರು. “ನೀವು ಆ ಚಿಟಗುಪ್ಪ ರೋಡಿನ ಬಡಾವಣಿ ಅವರಲ್ಲೇನು?” ಎಂದು ಕೇಳಿದರು. ಹೇಗೆ ಗೊತ್ತಾಯಿತು ಎಂದೆ. “ಗೈರಹಾಜರಿ ನೋಡಿದ್ರೇ ತಿಳೀತದ್ರಿ. ಆ ಕಡೆ ಹುಡುಗ್ಯಾರು ಎಲ್ಲಾ ಒಂದೇ ದಿನ ತಪ್ಪಸ್ತಾರ. ಅವರ ಅಣ್ಣತಮ್ಮಂದಿರು ಪೂರಾ ಹಾಜರ್.”

ನಾನು ಶುರು ಮಾಡಿದೆ. ಐದು ಜನ ಗಂಡಸರು ಜೀಪಿನಲ್ಲಿ ಬಂದು ಮನೆ ನೋಡಿದ್ದು, ದಲ್ಲಾಳಿ ಕಣ್ಣಿಗೆ ಮಣ್ಣೆರಚಿದ್ದು, ಮಾವನವರ ಸೊಕ್ಕು, ಗಂಡ ಮಾತಿಗೆ ತಪ್ಪಿದ್ದು, ವಾಲ್ ತಿರುಗಿಸುವವನ ಮರ್ಜಿ, ಒಂದನ್ನೂ ಬಿಡಲಿಲ್ಲ. ನನ್ನ ದನಿ ಏರಿ, ಹೊರಗೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ಇಣುಕಿ ನೋಡಿದರು. ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಫೈಲು ತೆಗೆದು ಮುಂದಿಟ್ಟರು. ಮಗಳ ರಜಾ ಅರ್ಜಿಗಳು. “ಎಲ್ಲಾದಕ್ಕೂ ನಿಮ್ಮ ಸಹಿ ಅದರಿ. ನೀವು ಓದೀರಂತ ತಿಳಕೊಂಡಿದ್ದೆ,” ಎಂದರು.

ನಾನು ಓದಿರಲಿಲ್ಲ. ಮುಂಜಾನೆ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಅವಳು ಹಾಳೆ ಮುಂದೆ ಹಿಡಿಯುತ್ತಿದ್ದಳು, ನಾನು ಗೀಚಿ ಕೊಡುತ್ತಿದ್ದೆ. ಮೊದಮೊದಲಿನವುಗಳಲ್ಲಿ ತಲೆನೋವು, ಜ್ವರ ಎಂದಿತ್ತು. ದೀಪಾವಳಿಯ ಆಚೆ ಜ್ವರ ಇರಲಿಲ್ಲ. ಅಲ್ಲಿಂದ ಮುಂದಿನ ಎಲ್ಲ ಹಾಳೆಯಲ್ಲೂ ಒಂದೇ ಒಕ್ಕಣೆ, ಆ ಗುಂಡು ಅಕ್ಷರ ನನಗೆ ಚೆನ್ನಾಗಿ ಗೊತ್ತು:

“ಮಾನ್ಯರೇ, ನಿನ್ನೆ ನಮ್ಮ ಬಡಾವಣೆಯಲ್ಲಿ ನಲ್ಲಿ ನೀರು ಬರುವ ದಿನವಾಗಿತ್ತು. ನನ್ನ ತಂದೆಗೆ ಡ್ಯೂಟಿ ಇತ್ತು. ನನ್ನ ತಾಯಿಗೆ ಶಾಲೆ ಇತ್ತು. ನನ್ನ ತಮ್ಮನಿಗೂ ಶಾಲೆ ಇತ್ತು. ಆದ್ದರಿಂದ ನನಗೆ ಶಾಲೆ ಇರಲಿಲ್ಲ. ದಯವಿಟ್ಟು ಒಂದು ದಿನದ ರಜೆ ಮಂಜೂರು ಮಾಡಬೇಕೆಂದು ವಿನಂತಿ.”

ಕೆಳಗೆ ನನ್ನ ಸಹಿ. ಹನ್ನೊಂದು ಹಾಳೆ ತಿರುವಿದೆ, ಹನ್ನೊಂದರಲ್ಲೂ ನನ್ನ ಸಹಿ. ಮುಖ್ಯೋಪಾಧ್ಯಾಯಿನಿ ಎಲ್ಲಿ ನೀವೂ ಶಿಕ್ಷಕಿ ಅಲ್ಲವೇ ಎಂದು ಕೇಳಿಬಿಡುತ್ತಾರೇನೋ ಎಂದು ಹೆದರಿಕೆಯಿಂದ ಕೂತಿದ್ದೆ. ದಿನಾ ಮುಂಜಾನೆ ಊರವರ ಮಕ್ಕಳ ಹಾಜರಿ ಕೂಗುತ್ತಿದ್ದವಳು ನಾನು. ಮಕ್ಕಳನ್ನು ಶಾಲೆ ತಪ್ಪಿಸಬೇಡಿ ಎಂದು ಪಾಲಕರ ಸಭೆಯಲ್ಲಿ ಭಾಷಣ ಮಾಡಿದವಳೂ ನಾನೇ. ಮಗ ಅವಳಷ್ಟೇ ಗಟ್ಟಿಯಾಗಿ ಕೊಡ ಎತ್ತಬಲ್ಲ ಎಂಬುದು ಗಂಡನಿಗೆ ಹೊಳೆಯಲಿಲ್ಲ, ಮಾವನಿಗೆ ಹೊಳೆಯಲಿಲ್ಲ ಅನ್ನೋಣ. ನನಗೆ ಯಾಕೆ ಹೊಳೆಯಲಿಲ್ಲ? ಏಳು ತಿಂಗಳು ಎಲ್ಲರ ಮೇಲೂ ಹರಿಹಾಯ್ದ ನಾನು ಒಂದು ಸಲವೂ ಅವನ ಕಡೆ ತಿರುಗಿ, ಇವತ್ತು ನೀನಿರು ಅಂದಿರಲಿಲ್ಲ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. “ಇವತ್ತಿಂದ ಪರೀಕ್ಷಾ ತನಕ ಒಂದ್ ದಿನಾನೂ ತಪ್ಪಬಾರದ್ರಿ. ಹಂಗ ಬಂದರ ನಾ ಮ್ಯಾಲ ಬರದು ಪ್ರಯತ್ನ ಮಾಡ್ತೀನಿ,” ಎಂದು ಅವರು ಫೈಲು ಮುಚ್ಚಿದರು.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ನಾಡಿದ್ದು ನಲ್ಲಿ ದಿನ, ನೀವು ಇರಿ ಅಂದೆ. “ಬಾಯ್ಲರ್ ಬಿಟ್ಟು ನೀರ ಹಿಡೀಲೇನು?” ಅಂದರು. ಮಗನಿಗೆ ಹೇಳಿದೆ. ಅವನು ಅಪ್ಪನ ಮುಖ ನೋಡಿದ. “ಅವನ ಸಾಲಿ ಯಾಕ ತಪ್ಪಸ್ತಿ?” ಎಂದು ಇವರು ಗದರಿದರು. ಮಗಳ ಸಾಲಿಯ ಬಗ್ಗೆ ಇದೇ ಮಾತು ಒಮ್ಮೆ ತಮ್ಮ ಬಾಯಿಂದಲೇ ಬಂದಿತ್ತು ಎಂಬುದೂ ಇವರಿಗೆ ನೆನಪಾಗಲಿಲ್ಲ. ನಾನು ರಜೆ ಹಾಕಬಹುದಿತ್ತು. ಹಾಕಿದರೆ ಅವಳ ಕೈಯ ಕೊಡ ನನ್ನ ಕೈಗೆ ಬರುತ್ತದೆ, ಕೊಡಗಳು ತುಂಬಿರುತ್ತವೆ, ಈ ಮನೆ ಎಷ್ಟು ಚೆಂದ ಎಂದು ಇವರು ಇನ್ನೂ ಹತ್ತು ವರ್ಷ ಕೂತಿರುತ್ತಾರೆ. “ಹಂಗಾದ್ರ ಯಾರೂ ಇರೂದು ಬ್ಯಾಡ,” ಎಂದೆ. ಇವರು ನಂಬಲಿಲ್ಲ. ಆ ದಿನ ಮುಂಜಾನೆ ನಾಲ್ವರೂ ಹೊರಬಿದ್ದೆವು, ನಾನೇ ಬೀಗ ಹಾಕಿದೆ.

ಅವಳು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ, ಹಾಲ್ ಟಿಕೆಟ್ಟೂ ಬಂತು, ಪರೀಕ್ಷೆಗೂ ಕೂತಳು. ಆದರೆ ಆ ವರ್ಷ ಎಂದರೆ ನನಗೆ ನೆನಪಾಗುವುದು ಬೀಗ ಹಾಕಿದ ಆ ದಿನದ ಸಂಜೆ. ನಾನು ಬಂದಾಗ ಓಣಿಯೆಲ್ಲ ಒದ್ದೆ, ನಮ್ಮ ಅಂಗಳ ಮಾತ್ರ ಒಣಗಿತ್ತು. ಡ್ರಮ್ಮಿನ ತಳದಲ್ಲಿ ಕೈ ಆಡಿಸಿದರೆ ಪಾಚಿ ಹತ್ತಿತು. ಮಗಳು ಪಡಸಾಲೆಯಲ್ಲಿ ಕೂತು ಅವತ್ತು ಹೇಳಿಕೊಟ್ಟ ಗಣಿತ ಮಾಡುತ್ತಿದ್ದಳು. ಇವರು ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಬಾಯ್ಲರಿನ ಕಾವಿಗೆ ಕೆಂಪಾದ ಮುಖ ಒರೆಸಿಕೊಳ್ಳುತ್ತ ದಿನದಂತೆ ಅವಳ ಕಡೆ ಕೈ ಚಾಚಿದರು.

“ಒಂದ್ ತಂಬಗಿ ನೀರ ಕೊಡವಾ.”

ಅವಳು ಬರೆಯುತ್ತಿದ್ದ ಸಾಲು ಮುಗಿಸಿ ತಲೆ ಎತ್ತಿದಳು.

“ನೀರ ಇಲ್ಲ ಅಪ್ಪಾ. ನಾ ಇವತ್ತ ಸಾಲಿಗೆ ಹೋಗಿದ್ದೆ.”